ಶಾಫ್ಟ್ ಸೈಕಲ್ಲೋ ಚೈನ್ ಸೈಕಲ್ಲೋ: ಎರಡನ್ನೂ ಬಿಚ್ಚಿ ಜೋಡಿಸುವವನ ಲೆಕ್ಕ

ಚೈನೇ ಇಲ್ಲದ ಸೈಕಲ್ ಕಂಡವರು ಮೊದಲು ಕೇಳುವುದು "ತುಳಿಯೋಕೆ ಭಾರ ಆಗಲ್ವಾ?" ಅಂತ. ಅದಕ್ಕಿಂತ ದೊಡ್ಡ ಪ್ರಶ್ನೆಗಳು ಬೇರೆ ಇವೆ: ಹಲ್ಲು ಎಷ್ಟು ದಿನ ತಡೆಯುತ್ತದೆ, ಟೈರ್ ಬದಲಿಸಬೇಕಾದಾಗ ಏನು ಗತಿ, ಬಿಡಿಭಾಗ ಎಲ್ಲಿಂದ ತರುವುದು. ನಾನು ಇಟ್ಟುಕೊಂಡಿರುವುದು ಎರಡು. ಒಂದು ಶಾಫ್ಟ್ ಸೈಕಲ್, ಅಂದರೆ ಚೈನಿನ ಬದಲು ಸುತ್ತುವ ಕಂಬಿಯೊಂದು ಹಿಂದಿನ ಚಕ್ರ ತಿರುಗಿಸುವಂಥದ್ದು, ಆ ಚಕ್ರದ ನಡುವಿನ ಹಬ್ಬಿನೊಳಗೆ ಶಿಮಾನೊ ನೆಕ್ಸಸ್ 8 ಗೇರ್. ಇನ್ನೊಂದು ಹಾಲಿನವರು, ಗದ್ದೆಗೆ ಹೋಗುವವರು ಓಡಿಸುವಂಥ ಕಪ್ಪು ರೋಡ್‌ಸ್ಟರ್, ಮುಂದೆ 44 ಹಲ್ಲು, ಹಿಂದೆ 18. ಎರಡರ ರಿಪೇರಿಯೂ ನನ್ನದೇ.

ಶಾಫ್ಟ್ ಸೈಕಲ್ಲಿನ ಒಳಗೆ ಇರುವುದು ಲಾರಿಯ ಹಿಂದಿನ ಆಕ್ಸಲ್‌ನಲ್ಲಿರುವಂಥದ್ದೇ ಕ್ರೌನ್-ಪಿನಿಯನ್ (ಓರೆ ಹಲ್ಲಿನ ದೊಡ್ಡ ಚಕ್ರ ಕ್ರೌನ್, ಅದಕ್ಕೆ ಕಚ್ಚಿಕೊಳ್ಳುವ ಚಿಕ್ಕದು ಪಿನಿಯನ್), ಒಂದಲ್ಲ, ಎರಡು ಜೋಡಿ. ಪೆಡಲ್ ತುಳಿದರೆ ಬಾಟಮ್ ಬ್ರ್ಯಾಕೆಟ್ಟಿನ, ಅಂದರೆ ಪೆಡಲ್ಲಿನ ಅಚ್ಚು ಕೂರುವ ಜಾಗದ, ಕ್ರೌನ್ ತಿರುಗುತ್ತದೆ, ಅದು ಪಿನಿಯನ್ನನ್ನು ತಿರುಗಿಸುತ್ತದೆ. ಬಲಗಡೆಯ ಕೊಳವೆಯೊಳಗೆ ಶಾಫ್ಟ್ ಸುತ್ತುತ್ತಾ ಹಿಂದಕ್ಕೆ ಹೋಗಿ, ಅಲ್ಲಿ ಇನ್ನೊಂದು ಜೋಡಿ ಹಲ್ಲಿನ ಮೂಲಕ ಹಬ್ಬನ್ನು ತಿರುಗಿಸುತ್ತದೆ. ಅಂದರೆ ಬಲ ಎರಡು ಸಲ 90 ಡಿಗ್ರಿ ತಿರುಗಬೇಕು. ಚೈನಿಗೆ ಈ ರಗಳೆ ಇಲ್ಲ, ನೇರ ಎಳೆತ.

ಈ ಎರಡು ತಿರುವಿಗೂ ಸುಂಕ ಕಟ್ಟಲೇಬೇಕು. ಚೊಕ್ಕವಾಗಿ ಎಣ್ಣೆ ಹಾಕಿದ ಚೈನು ನಾವು ಕೊಟ್ಟ ಶಕ್ತಿಯಲ್ಲಿ ಶೇಕಡಾ 97-98ರಷ್ಟನ್ನು ಹಿಂದಕ್ಕೆ ತಲುಪಿಸುತ್ತದೆ. ಓರೆ ಹಲ್ಲಿನ ಒಂದು ಜೋಡಿ ಶೇ. 97 ಕೊಡುತ್ತದೆ ಅಂದುಕೊಂಡರೂ ಎರಡು ಜೋಡಿಗೆ ಅದು ಶೇ. 94ಕ್ಕೆ ಇಳಿಯುತ್ತದೆ. ಆರಾಮಾಗಿ ತುಳಿಯುವಾಗ ನಮ್ಮ ಕಾಲು ಕೊಡುವುದು ಸುಮಾರು 100 ವ್ಯಾಟ್. ಚೈನಿನಲ್ಲಿ ಎರಡು ಮೂರು ವ್ಯಾಟ್ ಸೋರುವ ಕಡೆ ಶಾಫ್ಟಿನಲ್ಲಿ ಆರು ಸೋರುತ್ತದೆ. 20 ಕಿ.ಮೀ. ವೇಗದಲ್ಲಿ ಇದು ಅರ್ಧ ಕಿ.ಮೀ.ಗಿಂತ ಹೆಚ್ಚಿನ ವ್ಯತ್ಯಾಸವಲ್ಲ. ಟೈರಿನಲ್ಲಿ ಗಾಳಿ ಕಡಿಮೆ ಇದ್ದರೆ ಇದಕ್ಕಿಂತ ಜಾಸ್ತಿ ಕಳೆದುಕೊಳ್ಳುತ್ತೀರಿ. ಒಣಗಿ ತುಕ್ಕು ಹಿಡಿದ ಚೈನು ಕೂಡ ಹೀಗೇ ತಿನ್ನುತ್ತದೆ. ಅಮೆರಿಕದ ಸೈಕಲ್ ರೇಸರ್ ಮೇಜರ್ ಟೇಲರ್ 1898ರಲ್ಲಿ ಮೈಲಿ ದಾಖಲೆ ಮಾಡಿದ್ದು ಚೈನಿಲ್ಲದ ಸೈಕಲ್ ಮೇಲೆ. ಆದ್ದರಿಂದ ಶಾಫ್ಟ್ ಅಂದರೆ ನಿಧಾನ ಅನ್ನುವ ಮಾತಿಗೆ ನಾನು ಹೆಚ್ಚು ಬೆಲೆ ಕೊಡುವುದಿಲ್ಲ.

ನಿಜವಾದ ತೊಂದರೆ ಹಲ್ಲಿನ ಮೇಲೆ ಬೀಳುವ ಭಾರದ್ದು. 80 ಕಿಲೋ ತೂಕದವರು ಏರಿನಲ್ಲಿ ಸೀಟು ಬಿಟ್ಟು ಎದ್ದು 170 ಮಿ.ಮೀ. ಕ್ರ್ಯಾಂಕಿನ (ಪೆಡಲ್ ಕೂತಿರುವ ತೋಳಿನ) ಮೇಲೆ ನಿಂತರೆ ಸುಮಾರು 133 ನ್ಯೂಟನ್ ಮೀಟರ್ ತಿರುಚುಬಲ ಹುಟ್ಟುತ್ತದೆ. 44 ಹಲ್ಲಿನ ಚೈನ್ ವೀಲಿನ ತ್ರಿಜ್ಯ ಹತ್ತಿರ ಹತ್ತಿರ 9 ಸೆಂ.ಮೀ., ಹಾಗಾಗಿ ಚೈನಿನ ಮೇಲೆ ಬೀಳುವ ಎಳೆತ 150 ಕಿಲೋ ತೂಗುಬಿಟ್ಟಷ್ಟು. ಅದೂ ಒಂದೇ ಹಲ್ಲಿನ ಮೇಲಲ್ಲ, ಚೈನು ಸುತ್ತಿಕೊಂಡಿರುವ ಹಲವು ಹಲ್ಲುಗಳಿಗೆ ಹಂಚಿಕೆಯಾಗುತ್ತದೆ. ಶಾಫ್ಟಿನ ಕ್ರೌನ್ ಅಷ್ಟು ದೊಡ್ಡದಿರಲು ಸಾಧ್ಯವಿಲ್ಲ, ಹಿಮ್ಮಡಿಗೆ ತಾಗುತ್ತದೆ. ಅದರ ತ್ರಿಜ್ಯ ಮೂರೂವರೆ ಸೆಂ.ಮೀ. ಇದ್ದರೆ ಅದೇ ತುಳಿತಕ್ಕೆ ಹಲ್ಲಿನ ಮೇಲೆ 380 ಕಿಲೋಗೂ ಹೆಚ್ಚು ಭಾರ, ಅದನ್ನು ಹೊರುವುದು ಒಂದೋ ಎರಡೋ ಹಲ್ಲು. ಜೊತೆಗೆ ಓರೆ ಹಲ್ಲುಗಳು ಒಂದನ್ನೊಂದು ದೂರ ತಳ್ಳುತ್ತವೆ. ಫ್ರೇಮು ಕೂದಲೆಳೆಯಷ್ಟು ಬಾಗಿದರೂ ಹಲ್ಲುಗಳು ಪೂರ್ತಿ ಕೂರದೆ ತುದಿಯಲ್ಲೇ ಕಚ್ಚುತ್ತವೆ. ಚೂರು ಹಾರುವುದು ಆಗಲೇ. ಅದಕ್ಕೇ ಶಾಫ್ಟ್ ಸೈಕಲ್ಲಿನ ಹಿಂಭಾಗ ದಪ್ಪ, ಒಟ್ಟು ತೂಕವೂ ಹೆಚ್ಚು.

"ಬಿಎಂಡಬ್ಲ್ಯು ಮೋಟಾರ್‌ಸೈಕಲ್ಲುಗಳು 1923ರಿಂದ ಶಾಫ್ಟಿನಲ್ಲೇ ಓಡುತ್ತಿವೆಯಲ್ಲ?" ಅನ್ನುವವರು ಇದ್ದೇ ಇರುತ್ತಾರೆ. ಅಲ್ಲಿ ಹಿಂದಿನ ಹಲ್ಲುಗಳು ಎಣ್ಣೆಯಲ್ಲಿ ಮುಳುಗಿರುತ್ತವೆ, ಶಾಫ್ಟ್ ಜೋರಾಗಿ ಸುತ್ತುತ್ತದೆ, ನಾಲ್ಕಾರು ಪರ್ಸೆಂಟ್ ಹೋದರೂ ಇಂಜಿನ್ನಿಗೆ ಗೊತ್ತಾಗುವುದಿಲ್ಲ. ಕಾಲು ನಿಮಿಷಕ್ಕೆ 60-70 ಸುತ್ತಷ್ಟೇ ತುಳಿಯುತ್ತದೆ, ಅದೂ ದಮ್ಮು ಕಟ್ಟಿ ಬಿಟ್ಟ ಹಾಗೆ: ಪೆಡಲ್ ಮುಂದೆ ಅಡ್ಡ ಬಂದಾಗ ಪೂರ್ತಿ ಬಲ, ಮೇಲೆ ಕೆಳಗೆ ಇದ್ದಾಗ ಬಹುತೇಕ ಸೊನ್ನೆ. ಹೀಗಾಗಿ ಮುಂದಿನ ಕ್ರೌನಿನಲ್ಲಿ ಎದುರುಬದುರಿನ ಎರಡೇ ಜಾಗದ ಹಲ್ಲುಗಳು ಯಾವಾಗಲೂ ಪೆಟ್ಟು ತಿನ್ನುತ್ತವೆ. ಇದಕ್ಕೆ ನಾನು ಮಾಡುವ ಉಪಾಯ ಒಂದಿದೆ. ಎರಡೂ ಕ್ರ್ಯಾಂಕ್ ಸೇರಿಸುವ ಅಚ್ಚು, ಅಂದರೆ ಸ್ಪಿಂಡಲ್, ಚೌಕ ತುದಿಯದಾಗಿದ್ದು ಕ್ರೌನ್ ಸ್ಪಿಂಡಲ್ಲಿಗೇ ಕೂತಿದ್ದರೆ, ಎರಡೂ ಕ್ರ್ಯಾಂಕ್ ಕಳಚಿ ಒಂದೇ ದಿಕ್ಕಿಗೆ 90 ಡಿಗ್ರಿ ತಿರುಗಿಸಿ ಮತ್ತೆ ಹಾಕುವುದು. ಅಲ್ಲಿಂದಾಚೆ ಪೆಟ್ಟು ಸವೆಯದ ಹಲ್ಲುಗಳಿಗೆ ಬೀಳುತ್ತದೆ. ಕ್ರೌನ್ ಕ್ರ್ಯಾಂಕಿಗೇ ಅಂಟಿಕೊಂಡ ಮಾದರಿಯಲ್ಲಿ ಇದು ನಡೆಯದು.

ಶಾಫ್ಟಿಗೆ ಮೇಂಟೆನೆನ್ಸೇ ಬೇಡ ಅಂತ ಅಂಗಡಿಯವರು ಹೇಳುತ್ತಾರೆ, ನಂಬಬೇಡಿ. ವರ್ಷಕ್ಕೊಮ್ಮೆ, ಮಳೆಗಾಲ ಮುಗಿದ ಮೇಲೆ, ಎರಡೂ ಕಡೆಯ ಮುಚ್ಚಳ ಬಿಚ್ಚಿ ನೋಡಲೇಬೇಕು. ಒಳಗಿನ ಗ್ರೀಸು ಹಾಲಿನ ಬಣ್ಣಕ್ಕೆ ತಿರುಗಿದ್ದರೆ ನೀರು ಹೊಕ್ಕಿದೆ ಎಂದರ್ಥ. ಪೂರ್ತಿ ಒರೆಸಿ ತೆಗೆದು, ಡೀಸೆಲ್‌ನಲ್ಲಿ ಅದ್ದಿದ ಬ್ರಷ್ಷಿನಿಂದ ಹಲ್ಲು ಉಜ್ಜಿ, ಒಣಗಿಸಿ ಹೊಸದು ಹಾಕಬೇಕು. ಗ್ರೀಸಿನ ಆಯ್ಕೆ ಮುಖ್ಯ. ಎಲ್ಲ ಆಯಿಲ್ ಅಂಗಡಿಯಲ್ಲಿ ಕೇಳಿದ ತಕ್ಷಣ ಕೈಗೆ ಕೊಡುವುದು ಎಪಿ3. ಅದು ವೀಲ್ ಬೇರಿಂಗಿಗೆ ಸರಿ, ಇಲ್ಲಿಗೆ ಗಟ್ಟಿಯಾಯಿತು: ಹಲ್ಲು ಅದರೊಳಗೆ ಒಂದು ಕಾಲುವೆ ಕೊರೆದುಕೊಂಡು ಹೋಗುತ್ತದೆ, ಪಕ್ಕಕ್ಕೆ ಸರಿದ ಗ್ರೀಸು ವಾಪಸ್ ಬರುವುದಿಲ್ಲ, ಒಳಗೆ ಗ್ರೀಸು ತುಂಬಿದ್ದರೂ ಹಲ್ಲು ಒಣಗಿರುತ್ತದೆ. ಅದಕ್ಕಿಂತ ಮೆದುವಾದ ಇಪಿ2 ಕೇಳಿ ತನ್ನಿ. ಹಲ್ಲುಗಳ ಸಂದು ತುಂಬುವಷ್ಟು ಬಳಿದು, ಹೌಸಿಂಗಿನ ಮೂರರಲ್ಲಿ ಒಂದು ಪಾಲಿಗೆ ನಿಲ್ಲಿಸಿ. ಕಂಠಮಟ್ಟ ತುಂಬಿದರೆ ಅದು ಸೀಲನ್ನೇ ಹೊರಕ್ಕೆ ತಳ್ಳುತ್ತದೆ, ಮುಂದಿನ ಮಳೆಗೆ ಬಾಗಿಲು ತೆರೆದಿಟ್ಟ ಹಾಗೆ.

ಹಲ್ಲು ಕೂತಿದೆಯೋ ಇಲ್ಲವೋ ನೋಡುವುದು ಹೀಗೆ. ಕ್ರೌನಿನ ನಾಲ್ಕೈದು ಹಲ್ಲಿಗೆ ಪ್ರಶ್ಯನ್ ಬ್ಲೂ ಅನ್ನುವ ನೀಲಿ ಬಣ್ಣ ತೆಳ್ಳಗೆ ಹಚ್ಚಿ (ಸಿಗದಿದ್ದರೆ ಮಾರ್ಕರ್ ಪೆನ್ನೂ ಆದೀತು), ಹಿಂದಿನ ಬ್ರೇಕ್ ಅರ್ಧ ಹಿಡಿದು ಪೆಡಲನ್ನು ಕೈಯಲ್ಲಿ ಮೆಲ್ಲಗೆ ತಿರುಗಿಸಿ. ಬಣ್ಣ ಅಳಿಸಿದ ಗುರುತು ಹಲ್ಲಿನ ನಡುಮಧ್ಯಕ್ಕೆ, ಸ್ವಲ್ಪ ಸಣ್ಣ ತುದಿಯ ಕಡೆಗೆ ಬಿದ್ದಿದ್ದರೆ ಸರಿಯಾಗಿದೆ. ಭಾರ ಬಿದ್ದಾಗ ಅದು ದಪ್ಪ ತುದಿಯ ಕಡೆ ಜರುಗುತ್ತದೆ, ಅದಕ್ಕೆ ಜಾಗ ಬಿಟ್ಟಿರಬೇಕು. ಗುರುತು ಒಂದೇ ಅಂಚಿನಲ್ಲಿ ಗೀರಿನ ಹಾಗೆ ಬಿದ್ದರೆ ಪಿನಿಯನ್ ಹಿಂದೆ ತೆಳು ವಾಷರ್, ಶಿಮ್ ಅನ್ನುತ್ತಾರಲ್ಲ, 0.1 ಮಿ.ಮೀ. ಲೆಕ್ಕದಲ್ಲಿ ಸೇರಿಸಿಯೋ ತೆಗೆದೋ ಮತ್ತೆ ನೋಡಬೇಕು. ತಾಳ್ಮೆ ಬೇಡುವ ಕೆಲಸ. ಬೀದಿಯ ಸೈಕಲ್ ಶಾಪಿನಲ್ಲಿ ಇದನ್ನು ಮಾಡಿಸಲಾಗುವುದಿಲ್ಲ, ಆದರೆ ಲೇತ್ ಇರುವ ವರ್ಕ್‌ಶಾಪಿನವರಿಗೆ, ಲಾರಿಯ ಡಿಫರೆನ್ಷಿಯಲ್ ಕಟ್ಟುವವರಿಗೆ ಹೇಳಿಕೊಡಬೇಕಾದ್ದೇನಿಲ್ಲ.

ಸದ್ದು ಕೇಳಿಯೇ ಅರ್ಧ ರೋಗ ಹೇಳಬಹುದು. ಪೆಡಲ್ಲಿನ ಒಂದು ಸುತ್ತಿಗೆ ಒಂದೇ ಸಲ ಕಟ್ ಅಂದರೆ ಮುಂದಿನ ಕ್ರೌನಿನಲ್ಲಿ ಹಲ್ಲು ಹಾರಿದೆ, ಇಲ್ಲವೇ ಕ್ರ್ಯಾಂಕ್ ಸಡಿಲ. ಮೊದಲು ಕ್ರ್ಯಾಂಕ್ ಬೋಲ್ಟ್ ಬಿಗಿಮಾಡಿ, ಸುಮ್ಮನೆ ಹೌಸಿಂಗ್ ಬಿಚ್ಚಬೇಡಿ. ಪೆಡಲ್ಲಿಗಿಂತ ಬೇಗ ಬೇಗ ಟಿಕ್ ಟಿಕ್ ಬಂದರೆ ಪಿನಿಯನ್. ಒಂದೇ ಸಮನೆ ಗರ್ ಅಂದರೆ ಗ್ರೀಸು ಒಣಗಿದೆ, ಅಥವಾ ಶಾಫ್ಟಿನ ತುದಿಯ ಬೇರಿಂಗ್ ಹೋಗಿದೆ.

ಹಿಂದಿನ ಚಕ್ರ ಬಿಚ್ಚುವುದು ಶಾಫ್ಟಿನವರನ್ನು ಹೆದರಿಸುವ ವಿಷಯ. ಪಂಕ್ಚರ್ ಆದರೆ ಬಿಚ್ಚುವ ಅಗತ್ಯವೇ ಇಲ್ಲ. ನಮ್ಮ ಪಂಕ್ಚರ್ ಅಂಗಡಿಗಳಲ್ಲಿ ಹೇಗೂ ಚಕ್ರ ಬಿಚ್ಚದೆ ಒಂದು ಕಡೆಯಿಂದ ಟ್ಯೂಬ್ ಎಳೆದು ಪ್ಯಾಚ್ ಹಾಕುತ್ತಾರೆ, ಎಡಗಡೆಯಿಂದ ಎಳೆಯಿರಿ ಅಂತ ಹೇಳಿದರೆ ಸಾಕು. ಟೈರೋ ಟ್ಯೂಬೋ ಬದಲಿಸಬೇಕಾದಾಗ ಮಾತ್ರ ಕೆಲಸ. ಗೇರನ್ನು 1ಕ್ಕೆ ಹಾಕಿ, ಕೇಬಲ್ ಸಡಿಲವಾಗುತ್ತದೆ, ಕಳಚಿ. ಬ್ರೇಕ್ ಆರ್ಮಿನ ಬೋಲ್ಟ್ ಬಿಚ್ಚಿ. ಬಲಗಡೆಯ ಮುಚ್ಚಳದ ಸ್ಕ್ರೂ ತೆಗೆದು, ಆಮೇಲೆ 15ರ ಸ್ಪಾನರ್‌ನಲ್ಲಿ ಎರಡೂ ಆಕ್ಸಲ್ ನಟ್. ನಟ್ ಸಡಿಲಿಸುವ ಮುಂಚೆ ಆಕ್ಸಲ್ ಕೂತಿರುವ ಜಾಗದ ಹಿಂದೆ ಮುಂದೆ ಫ್ರೇಮಿನ ಮೇಲೆ ಮೊಳೆಯಿಂದ ಗೀರಿ ಗುರುತು ಮಾಡಿಕೊಳ್ಳಿ. ಚೈನ್ ಸೈಕಲ್ಲಿನಲ್ಲಿ ಚಕ್ರ ಎರಡು ಮಿ.ಮೀ. ಹಿಂದೆ ಮುಂದೆ ಆದರೆ ಚೈನು ಸ್ವಲ್ಪ ಬಿಗಿಯೋ ಸಡಿಲವೋ ಆಗುತ್ತದೆ, ಅಷ್ಟೆ. ಇಲ್ಲಿ ಅದೇ ಎರಡು ಮಿ.ಮೀ. ಹಲ್ಲಿನ ಕಚ್ಚುವಿಕೆಯನ್ನೇ ಕೆಡಿಸಬಹುದು. ಆಕ್ಸಲ್ ತಿರುಗದಂತೆ ತಡೆಯುವ ಕಿವಿಯುಳ್ಳ ವಾಷರುಗಳನ್ನು ಬಂದ ದಿಕ್ಕಿಗೇ ವಾಪಸ್ ಹಾಕಬೇಕು. ಜೋಡಿಸಿದ ಮೇಲೆ ಗೇರನ್ನು 4ಕ್ಕೆ ತಂದು ಹಬ್ಬಿನ ಮೇಲಿನ ಎರಡು ಹಳದಿ ಗೀಟು ಒಂದೇ ನೇರಕ್ಕೆ ಬರುವಂತೆ ಕೇಬಲ್ ಸರಿಮಾಡಬೇಕು. ಗೀಟು ತಪ್ಪಿದ್ದರೆ ಗೇರು ಜಾರುತ್ತದೆ, ಜನ ಶಾಫ್ಟನ್ನು ಬೈಯುತ್ತಾರೆ.

ಚೈನಿನ ಕಡೆಗೆ ಬರೋಣ. ಚೈನ್ ಹಿಗ್ಗಿದೆ ಅನ್ನುತ್ತೇವಲ್ಲ, ಪಟ್ಟಿ ಹಿಗ್ಗುವುದಲ್ಲ, ಪಿನ್ನೂ ಬುಷ್ಷೂ ಸವೆದು ಕೊಂಡಿಕೊಂಡಿಗೆ ಸಂದು ಬರುವುದು. ಚೈನಿನ ಒಂದು ಪಿನ್ನಿಂದ ಇನ್ನೊಂದಕ್ಕೆ ಅರ್ಧ ಇಂಚು, ಹೊಸ ಚೈನಿನಲ್ಲಿ 24 ಕೊಂಡಿಗೆ ಸರಿಯಾಗಿ 12 ಇಂಚು. ಸ್ಟೀಲ್ ಸ್ಕೇಲಿನ ತುದಿಯನ್ನು ಒಂದು ಪಿನ್ನಿನ ನಡುವಿಗಿಟ್ಟು ಅದನ್ನು ಬಿಟ್ಟು ಇಪ್ಪತ್ನಾಲ್ಕನೆಯ ಪಿನ್ ಎಲ್ಲಿ ಬರುತ್ತದೆ ನೋಡಿ. ಇಂಚಿನ ಹದಿನಾರನೇ ಒಂದು ಭಾಗ ದಾಟಿದರೆ ಗೇರ್ ಸೈಕಲ್ಲಿನ ಚೈನು ಬದಲಿಸುವ ಹೊತ್ತು. ಸಿಂಗಲ್ ಸ್ಪೀಡಿನಲ್ಲಿ ಎಂಟನೇ ಒಂದು ಭಾಗದವರೆಗೂ ಓಡಿಸಬಹುದು. ಅದನ್ನೂ ದಾಟಿಸಿದರೆ ಹಲ್ಲುಗಳು ಕೊಕ್ಕೆಯಾಗುತ್ತವೆ, ಆಮೇಲೆ ಹೊಸ ಚೈನು ಹಾಕಿದರೂ ಜಾರುತ್ತದೆ, ಫ್ರೀವೀಲೂ ಹೊಸದು ಬೇಕು.

ತೊಳೆಯಲು ಸೀಮೆಎಣ್ಣೆ ಈಗ ಸಿಗುವುದೇ ಕಷ್ಟ, ಡೀಸೆಲ್ ನಡೆಯುತ್ತದೆ. ಚೈನ್ ಲಾಕ್ ಬಿಚ್ಚಿ, ಡಬ್ಬದಲ್ಲಿ ಅದ್ದಿ, ಕುಲುಕಿ, ಬಿಸಿಲಿಗೆ ನೇತುಹಾಕಿ ಪೂರ್ತಿ ಒಣಗಿಸಿ. ನಂತರ ಒಂದೊಂದು ರೋಲರಿಗೆ ಒಂದೇ ತೊಟ್ಟು ಇಂಜಿನ್ ಆಯಿಲ್. ನೂರಕ್ಕೂ ಮೀರಿ ಕೊಂಡಿ ಇದ್ದರೂ ಒಟ್ಟು ಐದಾರು ಎಂ.ಎಲ್. ಮುಗಿಯುವುದಿಲ್ಲ. ಪೆಡಲ್ ಹಿಂದಕ್ಕೆ ತಿರುಗಿಸಿ ಒಳಗಿಳಿಸಿ, ಹೊರಗಿನದ್ದನ್ನು ಬಟ್ಟೆಯಿಂದ ಪೂರ್ತಿ ಒರೆಸಿ. ಎಣ್ಣೆ ಬೇಕಾದ್ದು ಪಿನ್ನಿಗೆ, ಪಟ್ಟಿಯ ಮೇಲೆ ಉಳಿದದ್ದು ಧೂಳನ್ನು ಹಿಡಿದು ಅರೆಯುವ ಪೇಸ್ಟ್ ಆಗುತ್ತದೆ. ಹೊರಗೆ ಗ್ರೀಸು ಮೆತ್ತುವುದು ಇದಕ್ಕಿಂತ ಕೆಟ್ಟದ್ದು. ಹೊಲಿಗೆ ಮಷೀನಿನ ಎಣ್ಣೆ ತೀರಾ ತೆಳು, ಒಂದು ಮಳೆಗೆ ತೊಳೆದುಹೋಗುತ್ತದೆ. ಲಾಕಿನ ಕ್ಲಿಪ್ಪಿನ ಮುಚ್ಚಿದ ತುದಿ ಚೈನು ಚಲಿಸುವ ದಿಕ್ಕಿಗಿರಬೇಕು, ಉಲ್ಟಾ ಹಾಕಿದರೆ ಎಲ್ಲಾದರೂ ತಾಗಿ ಕಳಚಿ ಬೀಳುತ್ತದೆ. ಚೈನಿನ ನಡುವೆ ಬೆರಳಿಟ್ಟು ಒತ್ತಿದಾಗ 10-12 ಮಿ.ಮೀ. ಆಡಬೇಕು. ಚೈನ್ ವೀಲು ಪೂರ್ತಿ ದುಂಡಗಿರುವುದು ಅಪರೂಪ, ಹಾಗಾಗಿ ಪೆಡಲ್ ತಿರುಗಿಸುತ್ತಾ ಅತಿ ಬಿಗಿ ಇರುವ ಜಾಗ ಹುಡುಕಿ ಅಲ್ಲೇ ಅಳೆಯಬೇಕು.

ಇಷ್ಟೆಲ್ಲ ಮಾಡುವ ವ್ಯವಧಾನ ಇಲ್ಲದವರಿಗೆ ಶಾಫ್ಟ್ ಒಳ್ಳೆಯದೇ. ಕರಾವಳಿಯ ಉಪ್ಪುಗಾಳಿಯಲ್ಲಿ ತೆರೆದ ಚೈನು ಒಂದೆರಡು ದಿನ ಬಿಟ್ಟರೆ ಕೆಂಪಾಗುತ್ತದೆ, ಧಾರವಾಡದ ಕಡೆಯ ಎರೆಮಣ್ಣು ಮಳೆಯಲ್ಲಿ ಚೈನಿಗೆ ಮೆತ್ತಿಕೊಂಡರೆ ಚಕ್ರವೇ ನಿಲ್ಲುತ್ತದೆ. ಸೀರೆ, ಪಂಚೆ, ಚೂಡಿದಾರದ ದುಪಟ್ಟಾ ಸಿಕ್ಕಿಕೊಳ್ಳುವ ಭಯವೂ ಶಾಫ್ಟಿನಲ್ಲಿ ಇಲ್ಲ. ಒಡೆಯನೇ ಇಲ್ಲದ ಬಾಡಿಗೆ ಸೈಕಲ್ಲಿಗೆ ಎಣ್ಣೆ ಹಾಕುವವರು ಯಾರು? 2016ರಲ್ಲಿ ಶಾಂಘೈನಲ್ಲಿ ಶುರುವಾದ ಮೊಬೈಕ್ ತನ್ನ ಮೊದಲ ಮಾದರಿಗೆ ಶಾಫ್ಟನ್ನೇ ಹಾಕಿತ್ತು. ಆ ಸೈಕಲ್ ಸುಮಾರು 25 ಕಿಲೋ ತೂಗುತ್ತಿತ್ತು ಅನ್ನುವುದನ್ನೂ ಮರೆಯಬಾರದು.

ಆದರೆ ಶಾಫ್ಟಿನ ಒಳ್ಳೆಯ ಗುಣಗಳಲ್ಲಿ ಬಹುಪಾಲು ಹುಟ್ಟುವುದು ಅದು ಮುಚ್ಚಿಕೊಂಡಿರುವುದರಿಂದ. ನಮ್ಮ ಹಳೆಯ ರೋಡ್‌ಸ್ಟರುಗಳಿಗೆ ಬರುತ್ತಿದ್ದ ಪೂರ್ತಿ ತಗಡಿನ ಚೈನ್ ಕವರನ್ನು ಯಾರೋ ಸದ್ದು ಬರುತ್ತದೆಂದು ಕಿತ್ತು ಗುಜರಿಗೆ ಹಾಕಿರುತ್ತಾರೆ. ಅದನ್ನು ಡೊಂಕು ತೆಗೆದು, ಸ್ಕ್ರೂಗಳಿಗೆ ರಬ್ಬರ್ ವಾಷರ್ ಕೊಟ್ಟು ಹಾಕಿದರೆ ಧೂಳು, ಬಟ್ಟೆ, ಮಳೆ ಮೂರಕ್ಕೂ ಉತ್ತರ ಸಿಗುತ್ತದೆ, ಎಣ್ಣೆ ಹಾಕುವ ಕೆಲಸವೂ ಎಷ್ಟೋ ಕಡಿಮೆಯಾಗುತ್ತದೆ. ಗೇರ್ ಬೇಕಾದರೆ ಅದೇ ನೆಕ್ಸಸ್ ಹಬ್ಬನ್ನು ಚೈನಿನ ಜೊತೆಗೂ ಕಟ್ಟಬಹುದು. ಅದರ ಅತಿ ಹಗುರ ಗೇರಿಗೂ ಅತಿ ಭಾರದ್ದಕ್ಕೂ ಮೂರು ಪಟ್ಟು ಅಂತರ ಇರುವುದರಿಂದ ನಮ್ಮ ಊರುಗಳ ಏರಿಗೆ ಸಾಕು. ಏರು ಜಾಸ್ತಿ ಅನ್ನಿಸಿದರೆ ಚೈನಿನಲ್ಲಿ ಹಿಂದಿನ 18ರ ಬದಲು 20 ಹಲ್ಲು ಹಾಕಿ ಮುಗಿಸಬಹುದು. ಶಾಫ್ಟಿನಲ್ಲಿ ಕಾರ್ಖಾನೆ ಕೊಟ್ಟ ಅನುಪಾತವೇ ಕೊನೆಯವರೆಗೆ. ಕ್ಯಾರಿಯರ್ ಮೇಲೆ ಗ್ಯಾಸ್ ಸಿಲಿಂಡರ್, ಹಾಲಿನ ಕ್ಯಾನ್ ಹೇರುವವರು ಶಾಫ್ಟಿನ ಹತ್ತಿರ ಹೋಗಲೇಬೇಡಿ. ಸಪಾಟು ಊರಿನಲ್ಲಿ, ಒಂದೇ ಆಳು, ದಿನಾ ಕಚೇರಿಗೆ ಇಸ್ತ್ರಿ ಪ್ಯಾಂಟಿನಲ್ಲಿ ಹೋಗಿಬರುವವರಿಗಾದರೆ ನಾನೇ ಕೊಡಿಸುತ್ತೇನೆ.

ಸೆಕೆಂಡ್ ಹ್ಯಾಂಡ್ ಶಾಫ್ಟ್ ಸೈಕಲ್ ನೋಡಲು ಹೋದರೆ ಒಂದು ಚಿಂದಿ ಬಟ್ಟೆ, ಒಂದು ಸ್ಕೇಲ್ ಒಯ್ಯಿರಿ. ಹಿಂದಿನ ಚಕ್ರವನ್ನು ಗಟ್ಟಿ ಹಿಡಿದು ಪೆಡಲನ್ನು ಹಿಂದೆ ಮುಂದೆ ಆಡಿಸಿ, ಪೆಡಲ್ ತುದಿ ಎಷ್ಟು ಮಿ.ಮೀ. ಸುಮ್ಮನೆ ಆಡುತ್ತದೆ ಅಳೆಯಿರಿ. ಸ್ವಲ್ಪ ಆಟ ಹಬ್ಬಿನೊಳಗಿನ ಗೇರಿನದ್ದೇ ಇರುತ್ತದೆ, ಅದು ಕ್ರ್ಯಾಂಕ್ ಯಾವ ಕೋನದಲ್ಲಿದ್ದರೂ ಸುಮಾರು ಒಂದೇ ಸಮ. ಕ್ರ್ಯಾಂಕನ್ನು ಕಾಲು ಕಾಲು ಸುತ್ತು ತಿರುಗಿಸಿ ನಾಲ್ಕು ಕಡೆ ಅಳೆದು, ಪೆಡಲ್ ಅಡ್ಡ ಇರುವಾಗ ಮಾತ್ರ ಆಟ ಎದ್ದು ಕಾಣುವಷ್ಟು ಜಾಸ್ತಿಯಾದರೆ ಮುಂದಿನ ಕ್ರೌನ್ ಸವೆದಿದೆ. ಆಮೇಲೆ ಹಿಂದಿನ ಮುಚ್ಚಳ ತೆಗೆಸಿ, ಗ್ರೀಸನ್ನು ಬೆರಳಲ್ಲಿ ತೆಗೆದು ಬಟ್ಟೆಗೆ ಒರೆಸಿ ಬಿಸಿಲಿಗೆ ಹಿಡಿಯಿರಿ. ಬೆಳ್ಳಿಯ ಪುಡಿಯ ಹಾಗೆ ಮಿಂಚಿದರೆ ಹಲ್ಲು ತಿನ್ನುತ್ತಾ ಬಂದಿದೆ. ಕಣ್ಣಿಗೆ ಕಾಣುವ ಚೂರೇ ಸಿಕ್ಕರೆ, ಆ ಕ್ರೌನ್-ಪಿನಿಯನ್ ಹೊಸದು ಎಲ್ಲಿ ಸಿಗುತ್ತದೆ ಅಂತ ಮಾರುವವರನ್ನೇ ಕೇಳಿ, ಸಿಕ್ಕಿದ ಮೇಲೆ ರೇಟು ಮಾತಾಡಿ.