ತೋಟದ ಲೆಕ್ಕ ತೋಟದಲ್ಲೇ: ಪೋಸ್ಟ್‌ಗ್ರೆಸ್‌ಗೆ ಬಂದ ನನ್ನ ಅನುಭವ

ಮೂಡಿಗೆರೆ ಸಮೀಪದ ನಮ್ಮ ಕಾಫಿ ತೋಟದ ಚೆಕ್‌ರೋಲ್ (ಕಾರ್ಮಿಕರ ಹಾಜರಿ, ಕೂಲಿಯ ಪಟ್ಟಿ), ಕೊಯ್ಲಿನ ತೂಕ, ಕ್ಯೂರಿಂಗ್‌ಗೆ (ಸಿಪ್ಪೆ ತೆಗೆದು ಬೀಜ ವಿಂಗಡಿಸುವ ಕೆಲಸಕ್ಕೆ) ಕಳುಹಿಸಿದ ಮೂಟೆಗಳ ಲೆಕ್ಕ, ಮಳೆಯ ಅಳತೆ ಎಲ್ಲವೂ ಕೆಲವು ವರ್ಷ ಚಂದಾ ಕಟ್ಟಿ ಬಳಸುವ ತಂತ್ರಾಂಶವೊಂದರಲ್ಲಿದ್ದವು. ಅದರಿಂದ ಹೊರಗೆ ತೆಗೆಯಲು ಸಿಗುತ್ತಿದ್ದದ್ದು ಪಿಡಿಎಫ್ ವರದಿ ಮಾತ್ರ. ತೋಟದ ಯಾವ ಬ್ಲಾಕಿನ (ಭಾಗದ) ಹಣ್ಣು ಯಾವ ಮೂಟೆಗೆ ಸೇರಿತು ಎಂಬ ಕೊಂಡಿ ಆ ವರದಿಯಲ್ಲಿ ಉಳಿಯುತ್ತಿರಲಿಲ್ಲ. ಕೊಂಡಿ ಕಳಚಿದ ಮೇಲೆ ಅಂಕಿಗಳು ನಮ್ಮ ಕೈಯಲ್ಲಿದ್ದೂ ಪ್ರಯೋಜನವಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ.

ಆದ್ದರಿಂದ ಎಲ್ಲವನ್ನೂ ತೋಟದ ಆಫೀಸಿನ ಕಂಪ್ಯೂಟರಿನಲ್ಲಿ ಪೋಸ್ಟ್‌ಗ್ರೆಸ್ ಎಂಬ ಮುಕ್ತ ಡೇಟಾಬೇಸ್ ತಂತ್ರಾಂಶಕ್ಕೆ ತಂದೆ. 1986ರಲ್ಲಿ ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ ಆರಂಭವಾದ ಯೋಜನೆಯಿಂದ ಬೆಳೆದ ಈ ಡೇಟಾಬೇಸ್ ಯಾವುದೇ ಒಂದು ಕಂಪನಿಯ ಸ್ವತ್ತಲ್ಲ. 2010ರಲ್ಲಿ ಸನ್ ಕಂಪನಿಯೊಂದಿಗೆ ಮೈಎಸ್‌ಕ್ಯುಎಲ್ ಎಂಬ ಇನ್ನೊಂದು ಡೇಟಾಬೇಸ್ ಕೂಡ ಒರಾಕಲ್ ಕಂಪನಿಯ ವಶವಾಯಿತಾದರೂ, ಅದರ ಮೂಲ ಸಂಕೇತ (ಸೋರ್ಸ್ ಕೋಡ್) ಮುಕ್ತವಾಗಿದ್ದುದರಿಂದಲೇ ಅದನ್ನು ಕಟ್ಟಿದವರು ಮರಿಯಾಡಿಬಿ ಹೆಸರಿನಲ್ಲಿ ಕೆಲಸ ಮುಂದುವರಿಸಲು ಸಾಧ್ಯವಾಯಿತು. ನಮಗೆ ಇನ್ನೂ ಹತ್ತಿರದ ಕಾರಣವೊಂದಿತ್ತು: ಪೋಸ್ಟ್‌ಗ್ರೆಸ್ ಪ್ರತಿ ಬದಲಾವಣೆಯನ್ನೂ ಮೊದಲು ಲಾಗ್ ಎಂಬ ದಾಖಲೆ ಕಡತದಲ್ಲಿ ಬರೆದಿಡುವುದರಿಂದ, ಮಳೆಗಾಲದಲ್ಲಿ ಹೇಳದೆ ಕೇಳದೆ ಕರೆಂಟ್ ಹೋದರೂ ದಾಖಲಾಗಿ ಮುಗಿದ ಲೆಕ್ಕವನ್ನು ಮತ್ತೆ ಆನ್ ಮಾಡಿದಾಗ ತಾನೇ ಸರಿಪಡಿಸಿಕೊಳ್ಳುತ್ತದೆ.

ಮಳೆಯ ದಾಖಲೆಗೆ ಹೆಚ್ಚು ಗಮನ ಕೊಟ್ಟೆ. ನಮ್ಮ ರೈಟರ್ (ತೋಟದ ಗುಮಾಸ್ತ) ಮಳೆಯನ್ನು ಈಗಲೂ ಇಂಚು, ಸೆಂಟ್ಸ್‌ಗಳಲ್ಲೇ (ಒಂದು ಸೆಂಟ್ ಎಂದರೆ ಇಂಚಿನ ನೂರರಲ್ಲೊಂದು ಭಾಗ) ಬರೆಯುತ್ತಾರೆ. ಒಂದು ಇಂಚು ಇಪ್ಪತ್ತೈದು ಸೆಂಟ್ಸ್ ಎಂಬುದನ್ನು 1.25 ಎಂದು ನ್ಯೂಮೆರಿಕ್ (ದಶಮಾಂಶವನ್ನು ಕರಾರುವಾಕ್ಕಾಗಿ ಉಳಿಸುವ) ಕಾಲಂನಲ್ಲಿ ಹಾಗೆಯೇ ಇಟ್ಟು, ಮಿಲಿಮೀಟರ್ ಬೇಕಾದಾಗ ಮಾತ್ರ 25.4ರಿಂದ ಗುಣಿಸುತ್ತೇನೆ, ಅಳೆದವರು ಬರೆದ ಅಂಕಿಯೇ ಮೂಲವಾಗಿ ಉಳಿಯಬೇಕು. ಹೂ ಅರಳಿಸುವ ಹೂಮಳೆಯಾದ ಎಷ್ಟು ದಿನಕ್ಕೆ ಕಾಯಿ ಕಟ್ಟಲು ನೆರವಾಗುವ ಬ್ಯಾಕಿಂಗ್ ಮಳೆ ಬಂತು, ಆ ವರ್ಷ ಯಾವ ರೊಬಸ್ಟಾ ಕಾಫಿ ಬ್ಲಾಕಿನಲ್ಲಿ ಎಷ್ಟು ಫಸಲಾಯಿತು ಎಂಬುದು ಈಗ ಒಂದೇ ಕ್ವೆರಿಯಲ್ಲಿ (ಡೇಟಾಬೇಸಿಗೆ ಕೇಳುವ ಪ್ರಶ್ನೆಯಲ್ಲಿ) ಸಿಗುತ್ತದೆ. ಹಳೆಯ ವರದಿಗಳಲ್ಲಿ ಇದನ್ನು ಕೇಳಲು ದಾರಿಯೇ ಇರಲಿಲ್ಲ.

ಪ್ರತಿ ರಾತ್ರಿ ಪಿಜಿ‌ಡಂಪ್ ಎಂಬ ಪೋಸ್ಟ್‌ಗ್ರೆಸ್‌ನದೇ ಸಾಧನ ಬಳಸಿ ಪೂರ್ತಿ ಪ್ರತಿ ತೆಗೆಯುತ್ತೇನೆ. ಆದರೆ ಪ್ರತಿ ತೆಗೆದ ಮಾತ್ರಕ್ಕೆ ನಿಶ್ಚಿಂತೆಯಿಂದ ಇರಲಾಗದು. ಇಂಟರ್‌ನೆಟ್ ಇಲ್ಲದ ಬೇರೊಂದು ಲ್ಯಾಪ್‌ಟಾಪಿನಲ್ಲಿ ಅದನ್ನು ಆಗಾಗ ಮರುಸ್ಥಾಪಿಸಿ, ಪ್ರತಿ ಬ್ಲಾಕಿನ ಕೊಯ್ಲಿನ ಮೊತ್ತವನ್ನು ಮೂಲದೊಂದಿಗೆ ತಾಳೆ ನೋಡುತ್ತೇನೆ. ಪ್ರತಿ ಕೋಷ್ಟಕವನ್ನೂ ಸಿಎಸ್‌ವಿ (ಅಲ್ಪವಿರಾಮದಿಂದ ಬೇರ್ಪಡಿಸಿದ ಸರಳ ಪಠ್ಯ) ಕಡತವಾಗಿಯೂ ಇಟ್ಟು, ಯಾವ ಕಾಲಂ ಏನನ್ನು ಸೂಚಿಸುತ್ತದೆ ಎಂದು ಕನ್ನಡದಲ್ಲಿ ಬರೆದಿದ್ದೇನೆ. ಕಾರ್ಮಿಕರ ಬ್ಯಾಂಕ್ ಖಾತೆ ಸಂಖ್ಯೆಗಳೂ ಇದರಲ್ಲಿರುವುದರಿಂದ, ಚಿಕ್ಕಮಗಳೂರಿನ ಅಕ್ಕನ ಮನೆಯಲ್ಲಿಟ್ಟಿರುವ ಪ್ರತಿಗೆ ಗೂಢಲಿಪಿಯ ರಕ್ಷಣೆಯಿದೆ. ಅದರ ಪಾಸ್‌ವರ್ಡನ್ನು ಕಾಗದದಲ್ಲಿ ಬರೆದು ತೋಟದ ಪತ್ರಗಳ ಜೊತೆ ಇರಿಸಿದ್ದೇನೆ.