ಹಂದಿಯಿಂದ ಜೋಳ ಉಳಿಸಲು ಕೊಂಡ ಮೂರು ದುರ್ಬೀನುಗಳು: ನನ್ನ ಅನುಭವ

ಚಿಂಚೋಳಿ ವನ್ಯಧಾಮದ ಕಡೆಗಿರುವ ನಮ್ಮ 4 ಎಕರೆ ಎರೆಹೊಲದಲ್ಲಿ ಬಿಳಿಜೋಳ ಹಾಲುಗಾಳಿಗೆ ಬಂದಿತೆಂದರೆ ಹಂದಿಗಳ ಹಿಂಡು ಹಳ್ಳ ದಾಟಿ ಬರುವುದು ಖಚಿತ. ಮೂರು ವರ್ಷದ ಹಿಂದೆ ಹೆಚ್ಚುಕಡಿಮೆ ಒಂದೂವರೆ ಎಕರೆ ಬೆಳೆ ನೆಲಕ್ಕೆ ಬಿದ್ದಿತ್ತು. ಕಳೆದ ಹಿಂಗಾರಿನಲ್ಲಿ ಹೋದದ್ದು ನಾಲ್ಕೈದು ಗುಂಟೆ ಮಾತ್ರ. ಈ ನಡುವೆ ರಾತ್ರಿ ನೋಡುವ ಸಲಕರಣೆಗಳಿಗೆ ಒಂದು ಲಕ್ಷಕ್ಕೆ ಎರಡು ಮೂರು ಸಾವಿರ ಕಡಿಮೆ ಸುರಿದಿದ್ದೇನೆ. ಕೊನೆಯದಕ್ಕೆ 68 ಸಾವಿರ ಕೊಟ್ಟು ತಂದಾಗ, "ಈ ರೊಕ್ಕದಾಗ ಒಂದು ಎಮ್ಮಿ ಬರ್ತಿತ್ತಲ್ರೀ ಕಾಕಾ" ಎಂದು ಪಕ್ಕದ ಹೊಲದ ಹುಡುಗ ಕಟ್ಟೆಯ ಮೇಲೆ ಎಲ್ಲರೆದುರು ನಕ್ಕಿದ್ದ.

ಮೊದಲನೆಯದು ಹೈದರಾಬಾದಿನಲ್ಲಿ ಸೆಕೆಂಡ್ ಹ್ಯಾಂಡ್ ಸಿಕ್ಕ, ಮಂದ ಬೆಳಕನ್ನು ಹೆಚ್ಚಿಸಿ ತೋರಿಸುವ ಟ್ಯೂಬ್ ಇರುವ ಮೊದಲ ತಲೆಮಾರಿನ ಒಕ್ಕಣ್ಣಿನ ದುರ್ಬೀನು, 14 ಸಾವಿರ. ಬೆಳದಿಂಗಳಲ್ಲಿ ನಡುಭಾಗ ಹಸಿರಾಗಿ ಚೆನ್ನಾಗಿಯೇ ಕಾಣುತ್ತಿತ್ತು, ಅಂಚು ಮಾತ್ರ ಬಾಗಿ ಮಸುಕಾಗುತ್ತಿತ್ತು. ಎಳ್ಳ ಅಮಾವಾಸ್ಯೆಯ ದಿನ ಚರಗ ಚೆಲ್ಲಿ, ಉಂಡು, ಎಲ್ಲರೂ ಮನೆಗೆ ಮರಳಿದ ಮೇಲೆ ನಾನೊಬ್ಬನೇ ಅಟ್ಟಣಿಗೆ ಏರಿ ನೋಡಿದರೆ ಮೂವತ್ತು ಹೆಜ್ಜೆಯ ಆಚೆ ಬರೀ ಹಸಿರು ನೊರೆ. ಇದ್ದ ಬೆಳಕನ್ನು ಹೆಚ್ಚಿಸುವ ಯಂತ್ರಕ್ಕೆ ಒಂದಿಷ್ಟಾದರೂ ಬೆಳಕು ಬೇಕೆಂಬುದು ಗೊತ್ತಿದ್ದೂ ಕೊಂಡದ್ದು ನನ್ನ ತಪ್ಪು. ವಾರದೊಳಗೆ, ಬುತ್ತಿ ತಂದ ಅಣ್ಣನ ಮಗನ ಬೈಕಿನ ಹೆಡ್‌ಲೈಟ್ ನೇರವಾಗಿ ಬಿದ್ದು ಟ್ಯೂಬಿನಲ್ಲಿ ಕಪ್ಪು ಕಲೆ ಉಳಿಯಿತು. ಎರಡನೆಯ, ಮೂರನೆಯ ತಲೆಮಾರಿನವು ಇದಕ್ಕಿಂತ ಎಷ್ಟೋ ಮೇಲು, ಆದರೆ ಅವುಗಳ ಬೆಲೆ ಜೋಳದ ಹೊಲಕ್ಕೆ ಹೊಂದುವಂಥದ್ದಲ್ಲ.

ಎರಡನೆಯದು ಡಿಜಿಟಲ್, ಸುಮಾರು 11 ಸಾವಿರ, 850 ನ್ಯಾನೋಮೀಟರ್ ತರಂಗದ ಇನ್‌ಫ್ರಾರೆಡ್ (ಕಣ್ಣಿಗೆ ಬಹುತೇಕ ಕಾಣದ ಬೆಳಕಿನ) ದೀಪದೊಂದಿಗೆ. ಬಯಲಿನಲ್ಲಿ 150 ಮೀಟರ್ ತನಕ ನೋಡಬಹುದಿತ್ತು. ಆದರೆ ದೀಪದ ಮುಖದಲ್ಲಿ ಕಾಣುವ ಮಂದ ಕೆಂಪು ಹಂದಿಗೂ ಕಂಡೀತೆಂದು ಅನುಮಾನಗೊಂಡು 940ರ ದೀಪಕ್ಕೆ ಮತ್ತೆ 4 ಸಾವಿರ ಕೊಟ್ಟೆ. ಕೆಂಪು ಹೋಯಿತು, ಜೊತೆಗೆ ದೂರವೂ ಅರ್ಧಕ್ಕಿಂತ ಕೆಳಗಿಳಿಯಿತು. ಹತ್ತಿರದ ಜೋಳದ ಗರಿಗಳು ಬೆಳಕನ್ನು ಹಿಂದಕ್ಕೆ ಎಸೆದು ಪರದೆಯೆಲ್ಲ ಬೆಳ್ಳಗಾಗುತ್ತಿದ್ದುದಕ್ಕೆ ಮಾತ್ರ ಉಪಾಯ ಸಿಕ್ಕಿತು: ದೀಪವನ್ನು ದುರ್ಬೀನಿನಿಂದ ಬಿಚ್ಚಿ, ಎರಡು ಮೀಟರ್ ಪಕ್ಕಕ್ಕೆ, ತೆನೆಗಿಂತ ಎತ್ತರದ ಗಳಕ್ಕೆ ಕಟ್ಟಿದೆ. ಮಂಜಿನ ರಾತ್ರಿಯಲ್ಲೂ ಇದರಿಂದ ಅನುಕೂಲವಾಯಿತು.

ಆದರೂ ಹಂದಿ ಸಿಗಲಿಲ್ಲ, ನರಿ ನಾಯಿಗಳೇ ಸಿಕ್ಕವು. ಕಾರಣ ತಿಳಿಯಲು ನನಗೆ ಒಂದು ಇಡೀ ಹಿಂಗಾರು ಬೇಕಾಯಿತು. ನಾವೆಲ್ಲ ಬ್ಯಾಟರಿ ಹಾಕಿ ಕಣ್ಣಿನ ಹೊಳಪು ಹುಡುಕಿ ರೂಢಿಯಾದವರು. ನಾಯಿ, ನರಿ, ಬೆಕ್ಕು, ದನಗಳ ಕಣ್ಣಿನ ಹಿಂದೆ ಬೆಳಕನ್ನು ಮರಳಿಸುವ ಪದರವಿದೆ, ಹಂದಿಗೆ ಅದಿಲ್ಲ. ಎದುರಿಗೇ ನಿಂತ ಹಂದಿಯ ಮೇಲೆ ಎಷ್ಟು ಸಲ ದೀಪ ಹಾಯಿಸಿ ಮುಂದೆ ಹೋಗಿದ್ದೇನೋ!

ಹೀಗಾಗಿ ಶಾಖ ನೋಡುವ ಥರ್ಮಲ್ ಯಂತ್ರಕ್ಕೆ ಬಂದೆ. 256×192 ಚುಕ್ಕೆಗಳ (ಪಿಕ್ಸೆಲ್) ಸೆನ್ಸರಿಗೆ 15 ಮಿ.ಮೀ. ಲೆನ್ಸ್ ಇದ್ದದ್ದು ಅಗ್ಗವಾಗಿತ್ತು, ನಾನು 25 ಮಿ.ಮೀ. ಹಿಡಿದೆ. 12 ಮೈಕ್ರಾನ್ ಪಿಕ್ಸೆಲ್ ಲೆಕ್ಕದಲ್ಲಿ 300 ಮೀಟರ್ ದೂರದ ಹಂದಿ ಸಣ್ಣ ಲೆನ್ಸಿನಲ್ಲಿ ಉದ್ದಕ್ಕೆ ನಾಲ್ಕು ಚುಕ್ಕೆ, ದೊಡ್ಡದರಲ್ಲಿ ಏಳು; ನಾಲ್ಕು ಚುಕ್ಕೆಯಲ್ಲಿ ಹಂದಿಯೂ ನಾಯಿಯೂ ಒಂದೇ. ಪೆಟ್ಟಿಗೆಯ ಮೇಲೆ ಬರೆದಿರುವ ಸಾವಿರ ಮೀಟರ್ ಎಂದರೆ ಅಲ್ಲೇನೋ ಬೆಚ್ಚಗಿದೆ ಎಂದಷ್ಟೇ ಅರ್ಥ. ನೋಟದ ಅಗಲ ಏಳು ಡಿಗ್ರಿಗೆ ಇಳಿದು ಹೊಲವನ್ನು ತುಂಡು ತುಂಡಾಗಿ ನೋಡಬೇಕಾಯಿತು, ಅದು ನನಗೆ ಒಪ್ಪಿಗೆ.

ಇದರಲ್ಲೂ ಮೊದಲು ಸೋತೆ. ಆಳೆತ್ತರದ ಜೋಳದೊಳಗೆ ಹೊಕ್ಕ ಹಂದಿಯನ್ನು ಗರಿಗಳೇ ಮರೆಮಾಡುತ್ತವೆ, ಶಾಖ ಆರಪಾರ ಬರುವುದಿಲ್ಲ. ಆದ್ದರಿಂದ ಬೆಳೆ ನೋಡುವುದನ್ನು ಬಿಟ್ಟು, ಅಟ್ಟಣಿಗೆಯನ್ನು ತಿರುಗಿಸಿ ಹಾಕಿ, ಹಳ್ಳಕ್ಕೂ ಬೆಳೆಗೂ ನಡುವಿನ ಬೀಳು ಪಟ್ಟಿಯನ್ನು ನೋಡಲಾರಂಭಿಸಿದೆ. ನಿಜವಾದ ಲಾಭ ಶುರುವಾದದ್ದು ಅಲ್ಲಿಂದ. ಬೀಳಿನಲ್ಲಿ ಇರುವಾಗಲೇ ಡಬ್ಬ ಬಡಿದರೆ ಹಿಂಡು ತಿರುಗಿ ಹೋಗುತ್ತದೆ. ಓಡಿಸುವುದಷ್ಟೇ ನಮ್ಮ ಕೆಲಸ, 1972ರ ವನ್ಯಜೀವಿ ಕಾಯ್ದೆ ಎಲ್ಲರಿಗೂ ಗೊತ್ತಿದೆ. ಒಮ್ಮೆ ಅವಸರದಲ್ಲಿ ಪಟಾಕಿ ಎಸೆಯಲು ಕೈ ಎತ್ತಿದಾಗ ಅದು ಹಗ್ಗ ಹರಿದುಕೊಂಡು ಬಂದ ಯಾರದೋ ಕರು ಎಂದು ತಿಳಿಯಿತು. ಅಂದಿನಿಂದ ಥರ್ಮಲ್‌ನಲ್ಲಿ ಕಂಡದ್ದನ್ನು ಡಿಜಿಟಲ್‌ನಲ್ಲಿ ಗುರುತಿಸಿದ ಮೇಲೆಯೇ ಡಬ್ಬ, ಪಟಾಕಿ. ಹಂದಿ ಯಾವ ಹೊತ್ತಿಗೆ ಎಲ್ಲಿ ಹಳ್ಳ ದಾಟುತ್ತದೆಂಬುದನ್ನು ಮೊದಲೇ ತಿಳಿಯಲು ನಾನು ನೆಲದ ಮೇಲೆ ಮಾಡುವ ಒಂದು ಸಣ್ಣ ಏರ್ಪಾಡಿದೆ, ಅದನ್ನು ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ.

ಚಳಿಗೆ ಜೀಪಿನೊಳಗೆ ಕುಳಿತು ನೋಡಲು ಹೋದರೆ ಗಾಜಿನಲ್ಲಿ ನನ್ನದೇ ಮುಖದ ಶಾಖ ಕಂಡಿತು. ತೆಳು ಪಾಲಿಥಿನ್ ಹಾಳೆಯಲ್ಲಿ ಮಾತ್ರ ನೋಟ ಬಹುಮಟ್ಟಿಗೆ ಹಾಯುತ್ತದೆ, ಇಬ್ಬನಿಯ ರಾತ್ರಿ ಲೆನ್ಸಿಗೆ ಅದನ್ನೇ ಹೊದಿಸುತ್ತೇನೆ. ಇನ್ನೊಮ್ಮೆ ಪಂಪಿನ ಸ್ಟಾರ್ಟರ್ ಡಬ್ಬಿ ತೆಗೆದು ನೋಡಿದಾಗ ಒಂದು ಫೇಸಿನ ಸಡಿಲ ತಿರುಪು ಕೆಂಡದಂತೆ ಕಂಡಿತು. ಬಿಗಿ ಮಾಡಿಸಿದೆ, ಮೋಟರ್ ಸುಡುವುದು ತಪ್ಪಿತು. ಎಮ್ಮೆಯ ಲೆಕ್ಕ ಹೇಳಿದ ಹುಡುಗ ಈಗ ತನ್ನ ಸ್ಟಾರ್ಟರ್ ತೋರಿಸಲು ಬರುತ್ತಾನೆ.

ಬೇಸಿಗೆ ಶೇಂಗಾದ ಕಥೆಯೇ ಬೇರೆ. ಏಪ್ರಿಲಿನಲ್ಲಿ ಹಗಲು 40 ಡಿಗ್ರಿ ದಾಟಿ ಕಾದ ಎರೆಮಣ್ಣು, ಒಡ್ಡಿನ ಕಲ್ಲು ರಾತ್ರಿ ಹತ್ತಾದರೂ ಆರುವುದಿಲ್ಲ. ಮೊದಲ ರಾತ್ರಿ ಒಡ್ಡಿನ ಗುಂಡುಕಲ್ಲುಗಳನ್ನೇ ಹಂದಿಗಳ ಹಿಂಡೆಂದು ತಿಳಿದು ಅರ್ಧ ಗಂಟೆ ಡಬ್ಬ ಬಡಿದಿದ್ದೇನೆ. ಈಗ ಮೊದಲ ಜಾವಕ್ಕೆ ಡಿಜಿಟಲ್ ಹಿಡಿದು ಅಣ್ಣನ ಮಗ ಕೂಡುತ್ತಾನೆ, ನಾನು ಎರಡು ಗಂಟೆಗೆ ಅಲಾರಂ ಇಟ್ಟು ಮಲಗಿ, ಕಲ್ಲು ತಣ್ಣಗಾದ ಮೇಲೆ ಥರ್ಮಲ್ ಹಿಡಿದು ಏರುತ್ತೇನೆ.