ಹಡಗಿನಲ್ಲೊಂದು ಜಗುಲಿ: ಬಾಲ್ಕನಿ ಕ್ಯಾಬಿನ್ ಆರಿಸುವುದು ಹೇಗೆ?

ಮೈಸೂರಿನವರಿಗೆ ದೊಡ್ಡ ನೀರು ಅಂದರೆ ಕೆಆರ್‌ಎಸ್ ಹಿನ್ನೀರು. ಸಮುದ್ರ ನೋಡಬೇಕಾದರೆ ಘಾಟಿ ಇಳಿಯಬೇಕು. ಹಾಗಾಗಿ ಅಪ್ಪ ಅಮ್ಮನನ್ನು ಕ್ರೂಸ್‌ಗೆ, ಅಂದರೆ ಹಡಗಿನ ಪ್ರವಾಸಕ್ಕೆ ಕರೆದುಕೊಂಡು ಹೋಗುವಾಗ ‘ಹೇಗೂ ಒಂದೇ ಸಲ, ಬಾಲ್ಕನಿ ಇರುವುದನ್ನೇ ತಗೊಳ್ಳೋಣ’ ಅನ್ನಿಸುತ್ತದೆ. ಅನ್ನಿಸಬೇಕಾದದ್ದೇ. ನಮ್ಮ ಅಮ್ಮನಿಗೆ ಮಂಡಿ ನೋವು. ಜಾಸ್ತಿ ಓಡಾಡಲು ಆಗುವುದಿಲ್ಲ. ಅಂಥವರಿಗೆ ಬಾಲ್ಕನಿ ಅಂದರೆ ಹಳೇ ಮನೆಯ ಜಗುಲಿ ಇದ್ದ ಹಾಗೆ. ಕೂತಲ್ಲೇ ಲೋಕ ಕಾಣುತ್ತದೆ.

ಆದರೆ ಮೊದಲ ಸಲ ನಾನು ಬುಕ್ ಮಾಡಿದ ಕ್ಯಾಬಿನ್‌ನಲ್ಲಿ ಪರದೆ ಸರಿಸಿದರೆ ಕಂಡದ್ದು ಕಿತ್ತಳೆ ಬಣ್ಣದ ಲೈಫ್‌ಬೋಟಿನ ಬೆನ್ನು. ಅದರ ಮೇಲೆ ಒಂದು ಗೇಣು ಆಕಾಶ. ಅಮ್ಮ ಕಂಬಿ ಹಿಡಿದು ಬಗ್ಗಿ ನೋಡಿ, ‘ಸಮುದ್ರ ಎಲ್ಲೇ?’ ಅಂದರು. ಆ ಮಾತು ಇನ್ನೂ ಕಿವಿಯಲ್ಲಿದೆ. ಬೇರೆ ಯಾರ ಅಮ್ಮನೂ ಹಾಗೆ ಕೇಳುವಂತಾಗಬಾರದು ಅಂತಲೇ ಇದನ್ನು ಬರೆಯುತ್ತಿದ್ದೇನೆ.

ದರಕ್ಕೆ ಮೊದಲು ನಕ್ಷೆ ನೋಡಿ

ಪ್ರತಿ ಹಡಗಿಗೂ ‘ಡೆಕ್ ಪ್ಲಾನ್’ ಅಂತ ನಕ್ಷೆ ಇರುತ್ತದೆ. ಡೆಕ್ ಅಂದರೆ ಹಡಗಿನ ಮಹಡಿ. ಕಂಪನಿಯ ವೆಬ್‌ಸೈಟಿನಲ್ಲಿ ಸಿಗುತ್ತದೆ. ಏಜೆಂಟ್ ಮೂಲಕ ಹೋಗುವವರು ಕೇಳಿ ಪಡೆಯಿರಿ. ಫೋನಿನಲ್ಲಿ ಅಕ್ಷರ ಕಾಣುವುದಿಲ್ಲ, ಝೆರಾಕ್ಸ್ ಅಂಗಡಿಯಲ್ಲಿ ದೊಡ್ಡದಾಗಿ ಪ್ರಿಂಟ್ ತೆಗೆಸಿಕೊಳ್ಳಿ.

ನಿಮಗೆ ಕೊಡುತ್ತೇವೆ ಅನ್ನುವ ಕ್ಯಾಬಿನ್ ನಂಬರಿನ ಮೇಲೆ ಬೆರಳಿಡಿ. ಅದೇ ಜಾಗದಲ್ಲಿ ಮೇಲಿನ ಡೆಕ್‌ನಲ್ಲಿ ಏನಿದೆ? ಕೆಳಗಿನ ಡೆಕ್‌ನಲ್ಲಿ ಏನಿದೆ? ಮೇಲೆ ಈಜುಕೊಳ ಇದ್ದರೆ ಬೆಳಗಿನ ಜಾವವೇ ಕುರ್ಚಿ ಎಳೆಯುವ ಸದ್ದು. ಊಟದ ಹಾಲ್ ಇದ್ದರೆ ಟ್ರಾಲಿ ಉರುಳುವ ಸದ್ದು. ಕೆಳಗೆ ಥಿಯೇಟರ್ ಅಥವಾ ಡಿಸ್ಕೊ ಇದ್ದರೆ ನಡುರಾತ್ರಿಯವರೆಗೂ ಡುಬುಡುಬು. ಮೇಲಿನ ಮನೆಯವರು ರಾತ್ರಿ ಹತ್ತಕ್ಕೆ ಗ್ರೈಂಡರ್ ಹಾಕಿದರೆ ಹೇಗಿರುತ್ತೆ ಅಂತ ಬಾಡಿಗೆ ಮನೆಯಲ್ಲಿದ್ದವರಿಗೆ ಗೊತ್ತು, ಅಲ್ವಾ? ಮೇಲೂ ಕ್ಯಾಬಿನ್, ಕೆಳಗೂ ಕ್ಯಾಬಿನ್ ಇರುವ ಜಾಗವೇ ನೆಮ್ಮದಿ. ನಕ್ಷೆಯಲ್ಲಿ ಏನೂ ಬರೆಯದ ಬಿಳಿ ಜಾಗ ಪಕ್ಕದಲ್ಲಿದ್ದರೂ ಹುಷಾರು. ಅದು ಅಡುಗೆಮನೆಯೋ ಸಿಬ್ಬಂದಿಯ ಕೋಣೆಯೋ ಇರಬಹುದು.

ಪಕ್ಕದ ಕ್ಯಾಬಿನ್‌ಗೆ ಒಳಗಿನಿಂದ ಬಾಗಿಲಿರುವ ಕೋಣೆಗಳೂ ಇರುತ್ತವೆ. ನಿಮ್ಮ ಮನೆಯವರೇ ಅತ್ತ ಇದ್ದರೆ ಅದು ಬಹಳ ಅನುಕೂಲ. ಬೇರೆಯವರಿದ್ದರೆ ಅವರ ಮಾತೆಲ್ಲ ಕೇಳಿಸುತ್ತದೆ.

ನಡು ಭಾಗವೇ ವಾಸಿ

ಮಂಡ್ಯದ ಕಡೆ ಹಳ್ಳಿ ರಸ್ತೆಯಲ್ಲಿ ಬಸ್ಸಿನ ಕೊನೇ ಸೀಟಿನಲ್ಲಿ ಕೂತು ನೋಡಿ. ಪ್ರತಿ ಗುಂಡಿಗೂ ಎತ್ತಿ ಹಾಕುತ್ತದೆ. ಚಕ್ರಗಳ ನಡುವಿನ ಸೀಟಿನಲ್ಲಿ ಅಷ್ಟಿರುವುದಿಲ್ಲ. ಹಡಗಿನಲ್ಲೂ ಹಾಗೇ. ಮುಂದಿನ ತುದಿ, ಹಿಂದಿನ ತುದಿ ಏರಿಳಿಯುತ್ತವೆ, ನಡು ಭಾಗ ಅಷ್ಟು ಅಲುಗುವುದಿಲ್ಲ. ಮೇಲೆ ಹೋದಷ್ಟೂ ತೂಗಾಟ ಜಾಸ್ತಿ. ಕಾರಿನಲ್ಲಿ ಕೂತರೇ ಹೊಟ್ಟೆ ತೊಳಸುವವರಿಗೆ ಹಡಗಿನ ನಡುವೆ, ಆದಷ್ಟು ಕೆಳಗಿನ ಬಾಲ್ಕನಿ ಡೆಕ್ ಒಳ್ಳೆಯದು. ಅರಬ್ಬಿ ಸಮುದ್ರ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮುಂಗಾರಿನಲ್ಲಿ ಒರಟಾಗಿರುತ್ತದೆ. ಆ ತಿಂಗಳುಗಳನ್ನು ಬಿಡಿ.

ಹಿಂಭಾಗದ ಬಾಲ್ಕನಿಗೆ ಬೇರೆಯದೇ ಸೊಗಸಿದೆ. ಹಡಗು ಸೀಳಿಕೊಂಡು ಬಂದ ಬಿಳಿ ನೊರೆಯ ದಾರಿ ಉದ್ದಕ್ಕೂ ಕಾಣುತ್ತದೆ. ಆದರೆ ಯಂತ್ರದ ಕಂಪನ ಇರುತ್ತದೆ, ಲಿಫ್ಟಿನಿಂದ ತುಂಬ ನಡೆಯಬೇಕು. ಅಮ್ಮನಂಥವರಿಗೆ ನಾನು ಅದನ್ನು ಹೇಳುವುದಿಲ್ಲ.

ಬಾಲ್ಕನಿಯಿಂದ ಏನು ಕಾಣುತ್ತೆ ಅಂತ ಕೇಳಿ

‘ಅಬ್‌ಸ್ಟ್ರಕ್ಟೆಡ್ ವ್ಯೂ’ ಅನ್ನುವ ಮಾತು ಕಂಡರೆ ನಿಲ್ಲಿ. ಎದುರಿಗೆ ಏನೋ ಅಡ್ಡ ಇದೆ ಅಂತ ಅರ್ಥ. ಸಾಮಾನ್ಯವಾಗಿ ಅದು ಲೈಫ್‌ಬೋಟೇ. ದರ ಕಡಿಮೆ ಇರುವುದೂ ಅದಕ್ಕೇ. ನನ್ನ ರಸೀದಿಯಲ್ಲೂ ಆ ಮಾತು ಇತ್ತು, ಸಣ್ಣ ಅಕ್ಷರದಲ್ಲಿ. ಲೈಫ್‌ಬೋಟ್ ತೂಗುಹಾಕಿರುವ ಡೆಕ್ ಯಾವುದು ಅಂತ ಕೇಳಿಕೊಂಡು, ಅದಕ್ಕಿಂತ ಒಂದೆರಡು ಡೆಕ್ ಮೇಲೆ ತೆಗೆದುಕೊಳ್ಳಿ.

ಕಂಬಿಗೆ ಗಾಜು ಹಾಕಿದ್ದಾರೋ ಕಬ್ಬಿಣದ ತಗಡೋ ಅಂತಲೂ ವಿಚಾರಿಸಿ. ತಗಡಾದರೆ ಕುರ್ಚಿಯಲ್ಲಿ ಕೂತವರಿಗೆ ನೀರೇ ಕಾಣುವುದಿಲ್ಲ, ಎದ್ದು ನಿಲ್ಲಬೇಕು. ಇನ್ನು ಕೆಲವು ಭಾರೀ ಹಡಗುಗಳಲ್ಲಿ ಬಾಲ್ಕನಿ ಸಮುದ್ರದ ಕಡೆಗೇ ಇರುವುದಿಲ್ಲ. 2009ರಲ್ಲಿ ಬಂದ ‘ಓಯಸಿಸ್ ಆಫ್ ದ ಸೀಸ್’ನಲ್ಲಿ ಹಡಗಿನ ಒಳಗೇ ಮಾಡಿರುವ ತೋಟವನ್ನು ನೋಡುವ ಬಾಲ್ಕನಿಗಳಿವೆ. ಹಳೇ ಹಡಗುಗಳಲ್ಲಿ ಬಾಲ್ಕನಿ ಕ್ಯಾಬಿನ್‌ಗಳೇ ಕಡಿಮೆ. ಮುಂಬೈನಿಂದ ಹೊರಡುವ, ಕಾರ್ಡೆಲಿಯಾ ಕಂಪನಿಯ ‘ಎಂಪ್ರೆಸ್’ 1990ರ ಹಡಗು. ಇಂಥದ್ದಕ್ಕೆ ತಿಂಗಳುಗಟ್ಟಲೆ ಮೊದಲೇ ಬುಕ್ ಮಾಡಬೇಕು.

ಎಡವೋ ಬಲವೋ?

ಮುಂಬೈನಿಂದ ಗೋವಾಕ್ಕೆ ಹಡಗು ತೆಂಕಣಕ್ಕೆ ಹೋಗುತ್ತದೆ. ಬಲಗಡೆ ಪಡುವಣ, ಅಂದರೆ ಸೂರ್ಯ ಮುಳುಗುವುದು ನಿಮ್ಮ ಬಾಲ್ಕನಿಯ ಎದುರಿಗೆ. ಎಡಗಡೆ ಸೂರ್ಯೋದಯ, ಕರಾವಳಿ. ವಾಪಸ್ ಬರುವಾಗ ಇದು ತಿರುಗುಮುರುಗು. ಹೋಗಿಬರುವ ಪ್ರಯಾಣವಾದರೆ ಇದಕ್ಕಾಗಿ ಸುಮ್ನೆ ತಲೆಕೆಡಿಸಿಕೊಳ್ಳಬೇಡಿ. ಒಂದೇ ಕಡೆಯ ಪ್ರಯಾಣವಾದರೆ ಮಾತ್ರ ಯೋಚಿಸಿ. ಹಡಗಿನವರು ಎಡಕ್ಕೆ ‘ಪೋರ್ಟ್’, ಬಲಕ್ಕೆ ‘ಸ್ಟಾರ್‌ಬೋರ್ಡ್’ ಅನ್ನುತ್ತಾರೆ.

ದುಡ್ಡು ಕಟ್ಟುವ ಮುಂಚೆ

‘ಗ್ಯಾರಂಟಿ’ ಕ್ಯಾಬಿನ್ ಅಂದರೆ ಬಾಲ್ಕನಿ ಗ್ಯಾರಂಟಿ, ಜಾಗ ಗ್ಯಾರಂಟಿ ಅಲ್ಲ. ನಂಬರನ್ನು ಕಂಪನಿಯವರೇ ಕೊನೆಗೆ ಕೊಡುತ್ತಾರೆ. ವಯಸ್ಸಾದವರು ಜೊತೆಗಿದ್ದರೆ ಬೇಡ. ನಂಬರ್ ಆರಿಸಿ, ರಸೀದಿಯಲ್ಲಿ ಬರೆಸಿಕೊಳ್ಳಿ. ಜಾಹೀರಾತಿನ ದರ ಸಾಮಾನ್ಯವಾಗಿ ಒಬ್ಬರದ್ದು, ಅದೂ ಇಬ್ಬರು ಉಳಿದರೆ. ಬಂದರು ಶುಲ್ಕ, ತೆರಿಗೆ, ಸಿಬ್ಬಂದಿಯ ಟಿಪ್ಸ್ ಸೇರಿಸಿ ಒಟ್ಟು ಎಷ್ಟು ಅಂತ ಕೇಳಿ.

ಎರಡನೇ ಸಲ ಇಷ್ಟೆಲ್ಲ ನೋಡಿ ಆರಿಸಿದೆ. ನಡು ಭಾಗ, ಗಾಜಿನ ಕಂಬಿ. ಅಮ್ಮ ಬೆಳಿಗ್ಗೆ ಐದೂವರೆಗೇ ಎದ್ದು, ಶಾಲು ಹೊದ್ದು, ಎರಡು ಕೈಯಲ್ಲೂ ಕಾಫಿ ಲೋಟ ಹಿಡಿದು ಕೂತಿದ್ದರು. ನಾನು ಎದ್ದು ಬಂದರೂ ತಿರುಗಿ ನೋಡಲಿಲ್ಲ.

ಮಕ್ಕಳಿದ್ದರೆ ಬಾಲ್ಕನಿಯ ಕುರ್ಚಿಯನ್ನು ಕಂಬಿಯಿಂದ ದೂರ ಇಡಿ, ಬಾಗಿಲಿನ ಚಿಲಕ ಹಾಕಿರಿ. ಕಂಬಿಯ ಮೇಲೆ ಬಟ್ಟೆ ಒಣಗಿಸುವ ಹಾಗಿಲ್ಲ. ಗಾಳಿಗೆ ಸೀರೆ ಹಾರಿಹೋಗುತ್ತದೆ. ಬಚ್ಚಲಿನ ಗೋಡೆಯಲ್ಲಿ ಒಂದು ಪುಟ್ಟ ಗುಂಡನೆಯ ಡಬ್ಬಿ ಇದೆಯಾ ನೋಡಿ. ಎಳೆದರೆ ಅದರಿಂದ ಬಟ್ಟೆ ಹಾಕುವ ದಾರ ಬರುತ್ತದೆ.